ಫಾರ್ಮ್ಯಾಟ್ ಹೊಡೆಯುವ ಮೊದಲು

ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 22.04 ವರ್ಷನ್ ಇದ್ದ ಲ್ಯಾಪ್‌ಟಾಪನ್ನು 24.04ಕ್ಕೆ ಅಪ್‌ಗ್ರೇಡ್ ಮಾಡಿ, ಮಾರನೇ ದಿನ ಕೋಡ್ ಬರೆಯೋಣ ಅಂತ ಕೂತವರು ಮೂರ್ನಾಲ್ಕು ಕಡೆ ಮುಗ್ಗರಿಸುವುದು ಮಾಮೂಲಿ. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಆಗುವುದಿಲ್ಲ ಅನ್ನುತ್ತದೆ. ನಿನ್ನೆವರೆಗೆ ಓಡುತ್ತಿದ್ದ ಜಾಂಗೋ, ಅಂದರೆ ಪೈಥಾನಿನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು, ಇವತ್ತು ಇಲ್ಲವೇ ಇಲ್ಲ ಅನ್ನುತ್ತದೆ. ಏನೋ ಹುಡುಕಿ, ಎಲ್ಲೋ ನೋಡಿದ ಕಮಾಂಡ್ ಹೊಡೆದರೆ ಟರ್ಮಿನಲ್ಲೇ ತೆರೆಯುವುದಿಲ್ಲ. ಆಗ ಗೆಳೆಯರಿಂದ ಹಿಡಿದು ರಿಪೇರಿ ಅಂಗಡಿಯವರ ತನಕ ಎಲ್ಲರೂ ಹೇಳುವುದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಬಿಡಿ."

ಈ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಏನು ಕೆಟ್ಟಿದೆ ಅಂತ ತಿಳಿಸುವ ಸುಳಿವುಗಳೆಲ್ಲ ಆ ಡಿಸ್ಕಿನಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡಿದರೆ ಸುಳಿವೂ ಹೋಯಿತು, ಅರ್ಧ ಮಾಡಿಟ್ಟ ಕೆಲಸವೂ ಹೋಯಿತು. ಅದಕ್ಕಿಂತ ಜಾಸ್ತಿ ಚಿಂತೆ ಅಂದರೆ, ಈಗಷ್ಟೇ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದು ತಮ್ಮ ಕೈಲಾಗದ ಕೆಲಸ ಅನ್ನಿಸಿಬಿಡುತ್ತದೆ. ಹಾಗೇನೂ ಇಲ್ಲ. ಈ ಎರರ್‌ಗಳಲ್ಲಿ ಒಂದೂ ಸುಮ್ನೆ ಬರುವುದಿಲ್ಲ. ಹೆಚ್ಚಿನವು ಒಂದೇ ಪ್ರಶ್ನೆಯ ಹತ್ತಿರ ಬಂದು ನಿಲ್ಲುತ್ತವೆ: ಈ ಫೈಲನ್ನು ಇಲ್ಲಿ ತಂದಿಟ್ಟವರು ಯಾರು? ಸಿಸ್ಟಮ್ಮೋ, ನಾನೋ?

ಬಾಡಿಗೆ ಮನೆಯಲ್ಲಿ ಗೋಡೆ, ವೈರಿಂಗು, ನಲ್ಲಿ ಪೈಪು ಎಲ್ಲ ಓನರ್‌ದು. ಗೋಡೆಗೆ ಮೊಳೆ ಹೊಡೆದು ಹಾಕಿಕೊಂಡ ಶೆಲ್ಫು ನಮ್ಮದು. ಓನರ್ ಗೋಡೆ ಕೆಡವಿ ಹೊಸದು ಕಟ್ಟಿಸಿದ ದಿನ ಶೆಲ್ಫು ಬೀಳುತ್ತದೆ. ಅದು ಶೆಲ್ಫಿನ ತಪ್ಪೂ ಅಲ್ಲ, ಗೋಡೆಯ ತಪ್ಪೂ ಅಲ್ಲ. ಉಬುಂಟುವಿನಲ್ಲಿ /ಯುಎಸ್‌ಆರ್/ಬಿನ್, /ಯುಎಸ್‌ಆರ್/ಲಿಬ್ ಫೋಲ್ಡರ್‌ಗಳು ಸಿಸ್ಟಮ್ಮಿನವು, ಅಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡುವುದು ಆಪ್ಟ್, ಅಂದರೆ ಉಬುಂಟುವಿನ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಪ್ರೋಗ್ರಾಂ. /ಯುಎಸ್‌ಆರ್/ಲೋಕಲ್ ಮತ್ತು ನಮ್ಮ ಹೋಮ್ ಫೋಲ್ಡರ್ ನಮ್ಮವು. ಅಪ್‌ಗ್ರೇಡ್ ಮುಟ್ಟುವುದು ಅದರ ಪಾಲನ್ನು ಮಾತ್ರ. ಆದರೆ ನಮ್ಮ ಪಾಲಿನಲ್ಲಿರುವ ಎಷ್ಟೋ ಸಾಮಾನು ಅದರ ಪಾಲಿನ ಮೇಲೆ ಒರಗಿಕೊಂಡಿರುತ್ತದೆ, ಅಲ್ವಾ?

ಏನೇನು ಬದಲಾಗುತ್ತದೆ ಅಂತ ಮೊದಲು ನೋಡಿಬಿಡೋಣ. 24.04 ಬಿಡುಗಡೆಯಾಗಿದ್ದು 2024ರ ಏಪ್ರಿಲ್ 25ರಂದು. 22.04ರಲ್ಲಿ ಪೈಥಾನ್ 3.10 ಇತ್ತು, 24.04ರಲ್ಲಿ 3.12 ಬಂತು. ಸಿ, ಸಿ++ ಕಂಪೈಲರ್ ಆದ ಜಿಸಿಸಿ 11 ಹೋಗಿ 13 ಆಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ 14ರ ಜಾಗಕ್ಕೆ 16 ಬಂತು. ಎಲ್ಲದಕ್ಕೂ ತಳದಲ್ಲಿರುವ ಸಿ ಲೈಬ್ರರಿ, ಅಂದರೆ ಜಿಲಿಬ್‌ಸಿ, 2.35ರಿಂದ 2.39ಕ್ಕೆ ಹೋಯಿತು. ಎರಡು ವರ್ಷಕ್ಕೊಮ್ಮೆ ಬರುವ, ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಎಲ್‌ಟಿಎಸ್ ವರ್ಷನ್‌ನಿಂದ ಎಲ್‌ಟಿಎಸ್‌ಗೆ ಹಾರಿದಾಗ ಇಷ್ಟೂ ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ಅಪ್‌ಗ್ರೇಡ್ ಮಾಡುವವರಿಗೆ ಇದೇ ತೊಂದರೆಗಳು ಹಂಚಿಕೊಂಡು ಬರುತ್ತವೆ. ನಮಗೆ ಒಟ್ಟಿಗೆ ಬಂದು ಮೇಲೆ ಬೀಳುತ್ತವೆ.

ನನ್ನ ಚಿಕ್ಕಮ್ಮನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಅವನ ಪ್ರಾಜೆಕ್ಟು ಊರಿನ ಲೈಬ್ರರಿಯ ಕನ್ನಡ ಪುಸ್ತಕಗಳ ಪಟ್ಟಿ. ಹೆಸರು, ಬರೆದವರು, ವಿಷಯ ಕೊಟ್ಟು ಹುಡುಕಬಹುದು. ಜಾಂಗೋದಲ್ಲಿ ಬರೆದಿದ್ದಾನೆ, ಹಿಂದೆ ಪೋಸ್ಟ್‌ಗ್ರೆಸ್ ಇದೆ. ಅವನು ಅಪ್‌ಗ್ರೇಡ್ ಮಾಡಿಕೊಂಡಿದ್ದು ಮೊಬೈಲ್ ಹಾಟ್‌ಸ್ಪಾಟಿನಲ್ಲಿ. ಮಧ್ಯದಲ್ಲಿ ದಿನದ ಡೇಟಾ ಮುಗಿದು ಡೌನ್‌ಲೋಡ್ ನಿಂತಿತ್ತು. ಹಾಗಾಗಿಯೇ ಎಲ್ಲ ಕೆಟ್ಟಿದೆ ಅಂತ ಅವನ ಅನುಮಾನ. ಅದು ಕಾರಣ ಅಲ್ಲ ಅಂತ ಮೊದಲೇ ಹೇಳಿದೆ. ಅಪ್‌ಗ್ರೇಡ್ ಪ್ರೋಗ್ರಾಂ ಬೇಕಾದ ಪ್ಯಾಕೇಜುಗಳನ್ನೆಲ್ಲ ಮೊದಲು ಇಳಿಸಿಕೊಳ್ಳುತ್ತದೆ, ಆಮೇಲಷ್ಟೇ ಹಾಕಲು ಶುರು ಮಾಡುತ್ತದೆ. ನೆಟ್ ಹೋದರೆ ಅಷ್ಟು ಭಯ ಇಲ್ಲ. ಹಾಕುತ್ತಿರುವಾಗ ಕರೆಂಟ್ ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿದ್ದರೆ ಅದು ಬೇರೆ ಕಥೆ. ಹಾಗಾದಾಗಲೂ ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಡಿಪಿಕೆಜಿಗೆ "ಅರ್ಧಕ್ಕೆ ನಿಂತ ಎಲ್ಲವನ್ನೂ ಕಾನ್ಫಿಗರ್ ಮಾಡು" ಅನ್ನುವ ಒಂದು ಆಯ್ಕೆ ಇದೆ. ಆಪ್ಟ್ ತಾನೇ ಆ ಕಮಾಂಡನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ಹೆಚ್ಚಿನ ಸಲ ಅಲ್ಲಿಂದಲೇ ಮುಂದುವರಿಯಬಹುದು.

ಅವನ ಫೋನ್ ಬಂದಾಗ ಶುರುವಾದ ಮಾತು ಇದು. ಅದರಲ್ಲಿ ಬರುವ ವೆನ್ವ್ ಅಂದರೆ ವರ್ಚುವಲ್ ಎನ್ವಿರಾನ್‌ಮೆಂಟ್, ಒಂದು ಪ್ರಾಜೆಕ್ಟಿಗೆ ಬೇಕಾದ ಪೈಥಾನ್ ಪ್ಯಾಕೇಜುಗಳನ್ನು ಬೇರೆಯಾಗಿ ಇಟ್ಟುಕೊಳ್ಳುವ ಫೋಲ್ಡರ್.

"ಅಕ್ಕಾ, ವೆನ್ವ್ ಆಕ್ಟಿವೇಟ್ ಆಗ್ತಿದೆ. ಹೆಸರೂ ಬರ್ತಿದೆ. ಆದ್ರೆ ಜಾಂಗೋ ಇಲ್ಲ ಅಂತಿದೆ."

"ಸರಿ. ಆ ವೆನ್ವ್ ಫೋಲ್ಡರ್ ಒಳಗೆ ಹೋಗು. ಲಿಬ್ ಒಳಗೆ ಏನಿದೆ ಹೇಳು."

"ಪೈಥಾನ್ 3.10 ಅಂತ ಒಂದು ಫೋಲ್ಡರ್ ಇದೆ."

"ಈಗ ಅದೇ ವೆನ್ವ್‌ನಲ್ಲಿ ಪೈಥಾನ್ ವರ್ಷನ್ ಕೇಳು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "3.12 ಅಂತಿದೆ ಅಕ್ಕಾ."

ಇಲ್ಲಿ ನಡೆದಿರುವುದನ್ನು ಹತ್ತಿರದಿಂದ ನೋಡಬೇಕು. ವರ್ಚುವಲ್ ಎನ್ವಿರಾನ್‌ಮೆಂಟ್ ಅಂದರೆ ಪೂರ್ತಿ ಬೇರೆಯೇ ಒಂದು ಪೈಥಾನ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದರ ಬಿನ್ ಫೋಲ್ಡರಿನಲ್ಲಿರುವ ಪೈಥಾನ್ ಒಂದು ಸಿಮ್‌ಲಿಂಕ್ ಮಾತ್ರ. ಅದು ತೋರಿಸುವುದು ಸಿಸ್ಟಮ್ಮಿನ /ಯುಎಸ್‌ಆರ್/ಬಿನ್/ಪೈಥಾನ್3 ಕಡೆಗೆ. ಅಪ್‌ಗ್ರೇಡ್ ಆದಮೇಲೆ ಅದೇ ವಿಳಾಸದಲ್ಲಿ 3.12 ಬಂದು ಕೂತಿದೆ. ಲಿಂಕು ಮುರಿದಿಲ್ಲ, ಆದ್ದರಿಂದ ಆಕ್ಟಿವೇಟ್ ಆಗುತ್ತದೆ. ಆದರೆ 3.12 ತನ್ನ ಪ್ಯಾಕೇಜುಗಳನ್ನು ಹುಡುಕುವುದು ವೆನ್ವ್ ಒಳಗಿನ ಪೈಥಾನ್ 3.12 ಅನ್ನುವ ಫೋಲ್ಡರಿನಲ್ಲಿ. ಅಂಥ ಫೋಲ್ಡರೇ ಇಲ್ಲ. ಜಾಂಗೋ ಪಕ್ಕದ 3.10 ಫೋಲ್ಡರಿನಲ್ಲಿ ಸುರಕ್ಷಿತವಾಗಿ ಕೂತಿದೆ, ಕರೆಯುವವರಿಲ್ಲ.

ವೆನ್ವ್ ಫೋಲ್ಡರಿನಲ್ಲೇ ಪೈವೆನ್ವ್ ಡಾಟ್ ಸಿಎಫ್‌ಜಿ ಅಂತ ಒಂದು ಪುಟ್ಟ ಫೈಲಿದೆ. ಅದನ್ನು ತೆರೆದರೆ ವೆನ್ವ್ ಹುಟ್ಟಿದಾಗ ಯಾವ ವರ್ಷನ್ ಇತ್ತು ಅಂತ ಬರೆದಿರುತ್ತದೆ. ಅವನದರಲ್ಲಿ 3.10 ಅಂತಲೇ ಇತ್ತು. ಕೆಲವರು ಆ ನಂಬರನ್ನು ತಿದ್ದುತ್ತಾರೆ, ಇಲ್ಲವೇ ಲಿಬ್ ಒಳಗಿನ ಫೋಲ್ಡರಿನ ಹೆಸರನ್ನೇ 3.12 ಅಂತ ಬದಲಿಸುತ್ತಾರೆ. ಇದು ಬೇಡ. ಬರೀ ಪೈಥಾನಿನಲ್ಲಿ ಬರೆದ ಪ್ಯಾಕೇಜುಗಳು ಹಾಗೆ ಓಡಿದರೂ ಓಡಬಹುದು. ಸಿ ಭಾಷೆಯ ಭಾಗ ಇರುವ ಪ್ಯಾಕೇಜುಗಳ ಹೆಚ್ಚಿನ ಕಂಪೈಲ್ ಆದ ಫೈಲುಗಳ ಹೆಸರಿನಲ್ಲೇ "ಸಿಪೈಥಾನ್ 310" ಅಂತ ಇರುತ್ತದೆ. 3.12 ಅವನ್ನು ಮುಟ್ಟುವುದೇ ಇಲ್ಲ. ವೆನ್ವ್ ಅನ್ನು ತೆಗೆದು ಹೊಸದಾಗಿ ಮಾಡಿಕೊಳ್ಳಬೇಕು. ಅದು ಅದಕ್ಕಾಗಿಯೇ ಇರುವುದು.

ಹಾಗಂತ ಹಳೆಯದನ್ನು ತಕ್ಷಣ ಅಳಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಹುಡುಗನ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ, ಅಂದರೆ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಲ್ಲಿ, ಅರ್ಧ ಪ್ಯಾಕೇಜುಗಳ ಹೆಸರೇ ಇರಲಿಲ್ಲ. ಬೇಕಾದಾಗ ಬೇಕಾದ್ದು ಹಾಕಿಕೊಂಡಿದ್ದ, ಬರೆದಿಟ್ಟಿರಲಿಲ್ಲ. ಕಾಲೇಜು ಪ್ರಾಜೆಕ್ಟುಗಳಲ್ಲಿ ಇದು ಸಾಮಾನ್ಯ. ಆದರೆ ಹಳೆಯ 3.10 ಫೋಲ್ಡರಿನ ಸೈಟ್ ಪ್ಯಾಕೇಜಸ್ ಒಳಗೆ ಹೆಚ್ಚುಕಡಿಮೆ ಪ್ರತಿ ಪ್ಯಾಕೇಜಿಗೂ "ಡಿಸ್ಟ್ ಇನ್ಫೋ" ಅನ್ನುವ ಹೆಸರಿನಲ್ಲಿ ಕೊನೆಯಾಗುವ ಒಂದು ಫೋಲ್ಡರ್ ಇರುತ್ತದೆ. ಆ ಹೆಸರಿನಲ್ಲೇ ಪ್ಯಾಕೇಜಿನ ಹೆಸರೂ ವರ್ಷನ್ನೂ ಇರುತ್ತವೆ. ಅದನ್ನು ನೋಡಿಕೊಂಡು ಪೂರ್ತಿ ಪಟ್ಟಿ ಮತ್ತೆ ಬರೆಸಿದೆ. ಕೆಟ್ಟಿದೆ ಅಂತ ಬಿಸಾಡಲು ಹೊರಟಿದ್ದ ಫೋಲ್ಡರಿನಲ್ಲೇ ಬೇಕಾದ ದಾಖಲೆ ಸಿಕ್ಕಿತು. ಫಾರ್ಮ್ಯಾಟ್ ಮಾಡಿದ್ದರೆ ಇದು ಸಿಗುತ್ತಿರಲಿಲ್ಲ.

ಹೊಸ ವೆನ್ವ್ ಮಾಡಿ ಆ ಪಟ್ಟಿಯನ್ನು ಪಿಪ್‌ಗೆ ಕೊಟ್ಟಾಗ ಮುಂದಿನ ಎರರ್ ಬಂತು. ಪರದೆ ತುಂಬ ಕೆಂಪು ಅಕ್ಷರ. ಪೈಥಾನಿಗೂ ಪೋಸ್ಟ್‌ಗ್ರೆಸ್ಸಿಗೂ ಕೊಂಡಿಯಾದ ಸೈಕೋಪಿಜಿ2 ಹಾಕಲಾಗುತ್ತಿಲ್ಲ, "ಪಿಜಿ ಕಾನ್ಫಿಗ್ ಸಿಗಲಿಲ್ಲ" ಅಂತ. "ಪೋಸ್ಟ್‌ಗ್ರೆಸ್ಸೂ ಹೋಯ್ತು ಅಕ್ಕಾ" ಅಂದ.

ಪೋಸ್ಟ್‌ಗ್ರೆಸ್ ಎಲ್ಲೂ ಹೋಗಿರಲಿಲ್ಲ. ಎರರ್ ಕಾಣಿಸಿಕೊಳ್ಳುವ ಜಾಗ ಒಂದು, ತೊಂದರೆ ಇರುವ ಜಾಗ ಇನ್ನೊಂದು. ಪಿಪ್ ಒಂದು ಪ್ಯಾಕೇಜನ್ನು ಹಾಕುವಾಗ ಮೊದಲು ನೋಡುವುದು, ನನ್ನ ಪೈಥಾನ್ ವರ್ಷನ್‌ಗೆ ಆಗಲೇ ಕಂಪೈಲ್ ಮಾಡಿಟ್ಟ ವೀಲ್ ಫೈಲ್ ಇದೆಯಾ ಅಂತ. ಇದ್ದರೆ ಅದನ್ನೇ ಇಳಿಸಿ ಬಿಚ್ಚುತ್ತದೆ, ಕ್ಷಣದ ಕೆಲಸ. ಇಲ್ಲದಿದ್ದರೆ ಮೂಲ ಕೋಡ್ ಇಳಿಸಿಕೊಂಡು ಇಲ್ಲೇ, ನಮ್ಮ ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಪಟ್ಟಿಯಲ್ಲಿದ್ದದ್ದು ಸೈಕೋಪಿಜಿ2 ಬೈನರಿಯ ಹಳೇ ವರ್ಷನ್. ಅದು ಬಂದಾಗ ಪೈಥಾನ್ 3.12 ಹುಟ್ಟಿರಲೇ ಇಲ್ಲ. 3.12ಕ್ಕೆ ವೀಲ್ ಸಿಗುವುದು 2023ರ ಅಕ್ಟೋಬರಿನಲ್ಲಿ ಬಂದ 2.9.9ರಿಂದ. ಅದಕ್ಕೇ ಪಿಪ್ ಕಂಪೈಲ್ ಮಾಡಲು ಹೋಯಿತು, ಕಂಪೈಲ್‌ಗೆ ಬೇಕಾದ ಪಿಜಿ ಕಾನ್ಫಿಗ್ ಇರಲಿಲ್ಲ, ಅದನ್ನೇ ಗೊಣಗಿತು. ಪಿಜಿ ಕಾನ್ಫಿಗ್ ಇರುವ ಲಿಬ್‌ಪಿಕ್ಯೂ ಡೆವ್ ಅನ್ನುವ ಪ್ಯಾಕೇಜನ್ನು ಆಪ್ಟ್‌ನಿಂದ ಹಾಕಿಕೊಂಡರೂ ದಾರಿ ಸಿಗುತ್ತಿತ್ತು. ಆದರೆ ವರ್ಷನ್ ಒಂದು ಮೆಟ್ಟಿಲು ಏರಿಸುವುದೇ ನೆಟ್ಟಗಿನ ದಾರಿ.

ಲೆಕ್ಕಾಚಾರಕ್ಕೆ ಬಳಸುವ ನಂಪೈ ಪ್ಯಾಕೇಜಿನ ಕಥೆಯೂ ಇದೇ. 3.12ಕ್ಕೆ ಅದು ಸಿಗುವುದು 1.26ರಿಂದ. ಅದಕ್ಕಿಂತ ಹಳೆಯದನ್ನು ಕೇಳಿದರೆ "ಡಿಸ್ಟ್‌ಯುಟಿಲ್ಸ್ ಅನ್ನುವ ಮಾಡ್ಯೂಲ್ ಇಲ್ಲ" ಅಂತಲೋ, ಪಿಕೆಜಿಯುಟಿಲ್‌ನಲ್ಲಿ ಇಂಪ್‌ಇಂಪೋರ್ಟರ್ ಇಲ್ಲ ಅಂತಲೋ ಬರುತ್ತದೆ. ಡಿಸ್ಟ್‌ಯುಟಿಲ್ಸ್ ಪೈಥಾನಿನ ಜೊತೆಗೇ ಬರುತ್ತಿದ್ದ, ಪ್ಯಾಕೇಜ್ ಕಟ್ಟುವ ಹಳೇ ಸಲಕರಣೆ. ಇದು ಹೋಗಲಿದೆ ಅಂತ 3.10ರಲ್ಲೇ ಎಚ್ಚರಿಕೆ ಕೊಟ್ಟಿದ್ದರು. 2023ರ ಅಕ್ಟೋಬರಿನಲ್ಲಿ 3.12 ಬಂದಾಗ ತೆಗೆದೇಬಿಟ್ಟರು. ಅಷ್ಟೇ ಅಲ್ಲ, 3.12ರಿಂದ ಹೊಸ ವೆನ್ವ್ ಮಾಡಿದಾಗ, ಅದರ ಜಾಗದಲ್ಲಿ ಬಳಸುವ ಸೆಟಪ್‌ಟೂಲ್ಸ್ ತಾನಾಗಿ ಬರುವುದಿಲ್ಲ. ಹಳೇ ಪ್ಯಾಕೇಜುಗಳು ಅದು ಇದ್ದೇ ಇರುತ್ತದೆ ಅಂತ ನಂಬಿಕೊಂಡು ಬರೆದವು. ಸೆಟಪ್‌ಟೂಲ್ಸ್ ಅನ್ನು ನಾವೇ ಹಾಕಿಕೊಟ್ಟರೆ ಎಷ್ಟೋ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಉದ್ದದ ಎರರ್ ಓದುವುದಕ್ಕೂ ಒಂದು ಕ್ರಮ ಇದೆ, ಕಾಲೇಜಿನಲ್ಲಿ ಯಾರೂ ಇದನ್ನು ಹೇಳಿಕೊಡುವುದಿಲ್ಲ. ಪೈಥಾನ್ ಪ್ರೋಗ್ರಾಂ ಓಡುವಾಗ ಬಿದ್ದರೆ ಕೊನೇ ಸಾಲು ಮೊದಲು ಓದಿ, ಆಮೇಲೆ ಮೇಲಕ್ಕೆ ಹತ್ತಿ. ಸಿ, ಸಿ++ ಕಂಪೈಲರ್ ಬಿದ್ದರೆ ಮೊದಲ ಎರರ್ ಹುಡುಕಿ, ಉಳಿದವು ಬಹುಪಾಲು ಅದರ ಮರಿಗಳು. ಪಿಪ್ ಕಂಪೈಲ್ ಮಾಡುತ್ತಾ ಬಿದ್ದರೆ ನಿಜವಾದ ಮಾತು ಮೇಲೂ ಇರುವುದಿಲ್ಲ, ಕೆಳಗೂ ಇರುವುದಿಲ್ಲ. ಮಧ್ಯದಲ್ಲೆಲ್ಲೋ "ಫೇಟಲ್ ಎರರ್: ಪೈಥಾನ್ ಡಾಟ್ ಎಚ್" ಅಂತ ಒಂದು ಸಾಲು ಅಡಗಿರುತ್ತದೆ. ಆ ಸಾಲು ಕಂಡರೆ ಪೈಥಾನ್3 ಡೆವ್ ಪ್ಯಾಕೇಜ್ ಹಾಕಿಕೊಳ್ಳಬೇಕು. ಜಿಸಿಸಿ 13ಕ್ಕೆ ಬಂದವರಿಗೆ ಇನ್ನೊಂದು ಸಿಗುತ್ತದೆ: ಹಳೇ ಸಿ++ ಕೋಡಿನಲ್ಲಿ "ಯುಇಂಟ್8 ಟಿ ಅನ್ನುವ ಟೈಪ್ ಗೊತ್ತಿಲ್ಲ" ಅಂತ. ಹಿಂದಿನ ಜಿಸಿಸಿಯಲ್ಲಿ ಬೇರೆ ಹೆಡರ್‌ಗಳು ಸಿಎಸ್‌ಟಿಡಿಇಂಟ್ ಹೆಡರನ್ನು ತಾವಾಗಿಯೇ ಎಳೆದು ತರುತ್ತಿದ್ದವು. 13ರಲ್ಲಿ ಅವುಗಳಲ್ಲಿ ಕೆಲವು ಅದನ್ನು ಬಿಟ್ಟವು. ಕೋಡಿನ ಮೇಲ್ಗಡೆ ಒಂದು ಇನ್‌ಕ್ಲೂಡ್ ಸಾಲು ಸೇರಿಸಿದರೆ ಸರಿ.

ಈಗ ಎಲ್ಲರಿಗೂ ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ವೆನ್ವ್ ಹೊರಗೆ ಪಿಪ್ ಇನ್‌ಸ್ಟಾಲ್ ಅಂದರೆ 24.04 "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಇದು ಪೈಥಾನ್ ಸಮುದಾಯದ ಪೆಪ್ 668 ಅನ್ನುವ ಒಪ್ಪಂದದಿಂದ ಬಂದದ್ದು. ಪಿಪ್ ಇದನ್ನು ಪಾಲಿಸಲು ಶುರು ಮಾಡಿದ್ದು 2023ರ ಜನವರಿಯಲ್ಲಿ ಬಂದ 23.0ರಿಂದ. ಅದೇ ವರ್ಷ ಉಬುಂಟು 23.04 ಮತ್ತು ಡೆಬಿಯನ್ 12ರಲ್ಲಿ ಇದು ಜಾರಿಗೆ ಬಂತು. 22.04ರಿಂದ ನೇರ 24.04ಕ್ಕೆ ಬಂದವರು ಇದನ್ನು ಮೊದಲ ಸಲ ನೋಡುತ್ತಾರೆ.

ಸಿಟ್ಟು ಬರುವುದು ಸಹಜ. ಆದರೆ ನನ್ನ ಪ್ರಕಾರ ಉಬುಂಟು ಮಾಡಿದ್ದು ಸರಿ. ಇಷ್ಟು ವರ್ಷ ನಾವು ಸುಡೋ ಪಿಪ್ ಅಂತ ಅಡ್ಮಿನ್ ಅಧಿಕಾರದಲ್ಲಿ ಹೊಡೆದಾಗಲೆಲ್ಲ ಪ್ಯಾಕೇಜುಗಳು /ಯುಎಸ್‌ಆರ್/ಲೋಕಲ್ ಒಳಗೆ ಹೋಗಿ ಕೂರುತ್ತಿದ್ದವು. ಪೈಥಾನ್ ಏನನ್ನಾದರೂ ಹುಡುಕುವಾಗ ಆ ಜಾಗವನ್ನು ಸಿಸ್ಟಮ್ಮಿನ ಜಾಗಕ್ಕಿಂತ ಮೊದಲು ನೋಡುತ್ತದೆ. ನಾವು ನಮ್ಮ ಪ್ರಾಜೆಕ್ಟಿಗೆ ಅಂತ ಹಾಕಿದ ಹೊಸ ರಿಕ್ವೆಸ್ಟ್ಸ್ ಲೈಬ್ರರಿಯನ್ನು ಸಿಸ್ಟಮ್ಮಿನ ಪ್ರೋಗ್ರಾಂಗಳೂ ಬಳಸಬೇಕಾಗುತ್ತಿತ್ತು. ಉಬುಂಟುವಿನ ಎಷ್ಟೋ ಕೆಲಸಗಳು ಪೈಥಾನಿನಲ್ಲೇ ಬರೆದವು. ಅಪ್‌ಗ್ರೇಡ್ ಪ್ರೋಗ್ರಾಂ ಕೂಡ ಪೈಥಾನಿನಲ್ಲೇ ಬರೆದದ್ದು. ಒಂದು ಹೊಂದದೇ ಹೋದರೆ ಅಪ್‌ಗ್ರೇಡ್ ಮಾಡುವುದಕ್ಕೇ ಆಗುವುದಿಲ್ಲ.

ಈ ತಡೆಯನ್ನು ದಾಟಲು "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅನ್ನುವ ಆಯ್ಕೆ ಪಿಪ್‌ನಲ್ಲೇ ಇದೆ. ಎಲ್ಲ ಕಡೆ ಜನ ಮೊದಲ ಉತ್ತರವಾಗಿ ಇದನ್ನೇ ಕೊಡುತ್ತಾರೆ. ಆ ಹೆಸರನ್ನು ಇಟ್ಟವರು ಬೇಕಂತಲೇ ಹಾಗೆ ಇಟ್ಟಿದ್ದಾರೆ. ಇನ್ನು ಕೆಲವರು ಪೈಥಾನ್ 3.12 ಫೋಲ್ಡರಿನಲ್ಲಿರುವ ಗುರುತಿನ ಫೈಲನ್ನೇ ಅಳಿಸಿ ಅನ್ನುತ್ತಾರೆ. ಎರಡೂ ಬೇಡ. ಪ್ರಾಜೆಕ್ಟಿಗೆ ಬೇಕಾದ್ದು ವೆನ್ವ್ ಒಳಗೆ ಹೋಗಲಿ. ಕೋಡನ್ನು ನೀಟಾಗಿ ಜೋಡಿಸುವ ಬ್ಲ್ಯಾಕ್, ಯೂಟ್ಯೂಬ್ ಇಳಿಸುವ ಸಲಕರಣೆ ಇಂಥ ಕಮಾಂಡ್‌ಗಳು ಎಲ್ಲ ಕಡೆ ಬೇಕು ಅಂದರೆ ಪಿಪ್‌ಎಕ್ಸ್ ಇದೆ, ಅದು ಪ್ರತಿಯೊಂದಕ್ಕೂ ಬೇರೆ ಬೇರೆ ವೆನ್ವ್ ತಾನೇ ಮಾಡಿಕೊಳ್ಳುತ್ತದೆ.

ಇನ್ನು ಟರ್ಮಿನಲ್ ತೆರೆಯದೇ ಹೋದ ಕಥೆ. ನನಗೆ ಫೋನ್ ಮಾಡುವ ಹೊತ್ತಿಗೆ ನಮ್ಮ ಹುಡುಗ ಬೇರೆ ಲ್ಯಾಪ್‌ಟಾಪಿನಲ್ಲಿ ಪರಿಹಾರ ಹುಡುಕಿ ಒಂದು ವಿಡಿಯೋ ನೋಡಿದ್ದ. ಪಿಪಿಎ ಅನ್ನುವ ಹೊರಗಿನ ಪ್ಯಾಕೇಜ್ ಸಂಗ್ರಹದಿಂದ ಪೈಥಾನ್ 3.10 ಮತ್ತೆ ಹಾಕಿ, ಸಿಸ್ಟಮ್ಮಿನ ಪೈಥಾನ್3 ಲಿಂಕನ್ನು ಅದರ ಕಡೆ ತಿರುಗಿಸಿ ಅಂತ ಅದರಲ್ಲಿತ್ತು. ಮಾರನೇ ದಿನ ಹಾಗೇ ಮಾಡಿದ. ಹಳೇ ವೆನ್ವ್ ತಕ್ಷಣ ಸರಿಹೋಯಿತು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಮೇಲೆ ಟರ್ಮಿನಲ್ ಐಕಾನ್ ಒತ್ತಿದರೆ ಏನೂ ಇಲ್ಲ. ಗುಂಡಿ ಒಂದು ಕ್ಷಣ ತಿರುಗಿ ಸುಮ್ಮನಾಗುತ್ತದೆ.

ಕಾರಣ ಅದೇ ಓನರ್ ಗೋಡೆ. ಉಬುಂಟುವಿನಲ್ಲಿ ಗ್ನೋಮ್ ಟರ್ಮಿನಲ್ ಶುರುವಾಗುವುದು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟಿನಿಂದ. ಅದು ಜಿಐ ಅನ್ನುವ ಮಾಡ್ಯೂಲನ್ನು ಕರೆಯುತ್ತದೆ. ಅದರ ಕಂಪೈಲ್ ಆದ ಭಾಗ 24.04ರಲ್ಲಿ ಇರುವುದು 3.12ಕ್ಕೆ ಮಾತ್ರ. 3.10 ಬಂದು ಕೂತರೆ ಅದಕ್ಕೆ ಆ ಫೈಲ್ ಕಾಣುವುದಿಲ್ಲ, ಸ್ಕ್ರಿಪ್ಟ್ ಬಿದ್ದುಹೋಗುತ್ತದೆ. ಎರರ್ ತೋರಿಸಲು ಟರ್ಮಿನಲ್ ಬೇಕು, ಟರ್ಮಿನಲ್ಲೇ ತೆರೆಯುತ್ತಿಲ್ಲ. ಹಾಗಾಗಿ ಏನೂ ಕಾಣುವುದಿಲ್ಲ. ಆಪ್ಟ್‌ನ ಪೈಥಾನ್ ಸಲಕರಣೆಗಳೂ ಇದೇ ಕಾರಣಕ್ಕೆ "ಆಪ್ಟ್ ಪಿಕೆಜಿ ಇಲ್ಲ" ಅಂತ ಬೀಳುತ್ತವೆ. ಮುಂದಿನ ಅಪ್‌ಗ್ರೇಡ್ ಮಾಡಲು ಹೋದರೆ ನಿಮ್ಮ ಪೈಥಾನ್3 ಕೆಟ್ಟಿದೆ, ಮೊದಲು ಆ ಲಿಂಕ್ ಸರಿಮಾಡಿ ಅಂತ ಅಪ್‌ಗ್ರೇಡ್ ಪ್ರೋಗ್ರಾಂ ಶುರುವಿನಲ್ಲೇ ನಿಲ್ಲುತ್ತದೆ.

"ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತು" ಅಂದೆ. ಕಪ್ಪು ಪರದೆ, ಲಾಗಿನ್ ಅಂತ ಬಂತು. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಪೈಥಾನ್3 ಲಿಂಕನ್ನು ಮತ್ತೆ ಪೈಥಾನ್ 3.12ರ ಕಡೆ ತಿರುಗಿಸಿದ. ಮರಳಿ ಡೆಸ್ಕ್‌ಟಾಪಿಗೆ ಬಂದ. ಟರ್ಮಿನಲ್ ತೆರೆಯಿತು. ಆ ಕಪ್ಪು ಪರದೆ ಇದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಲಿನಕ್ಸ್ ಬಳಸುವ ಪ್ರತಿ ವಿದ್ಯಾರ್ಥಿಗೂ ಮೊದಲ ವಾರದಲ್ಲೇ ಇದನ್ನು ತೋರಿಸಿಕೊಡಬೇಕು. ಕಿಟಕಿಗಳೆಲ್ಲ ಮುಚ್ಚಿಕೊಂಡಾಗಲೂ ಮಷೀನ್ ಜೊತೆ ಮಾತಾಡಬಹುದು ಅಂತ ಗೊತ್ತಾದರೆ ಭಯ ಅರ್ಧ ಹೋಗುತ್ತದೆ.

3.10 ಬೇಕೇ ಬೇಕು ಅಂದರೆ ಹಾಕಿಕೊಳ್ಳಬಹುದು, ತಪ್ಪಿಲ್ಲ. ಡೆಡ್‌ಸ್ನೇಕ್ಸ್ ಪಿಪಿಎ ಇದೆ, ಪೈಎನ್ವ್ ಇದೆ, ಈಗೀಗ ಯುವಿ ಬಂದಿದೆ. ಹಾಕಿಕೊಂಡು "ಪೈಥಾನ್ 3.10" ಅಂತ ಪೂರ್ತಿ ಹೆಸರಿನಿಂದ ಕರೆದು ವೆನ್ವ್ ಮಾಡಿ. ಸಿಸ್ಟಮ್ಮಿನ ಲಿಂಕಿಗೆ ಮಾತ್ರ ಕೈ ಹಾಕಬೇಡಿ. ಯುವಿ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದು ಇಳಿಸುವ ಪೈಥಾನ್ ನಮ್ಮ ಹೋಮ್ ಫೋಲ್ಡರಿನಲ್ಲೇ ಇರುತ್ತದೆ. ಮುಂದಿನ ಅಪ್‌ಗ್ರೇಡಿಗೆ ಅದರ ಗೊಡವೆ ಇರುವುದಿಲ್ಲ.

ಯಾವ ಫೈಲ್ ಯಾರದ್ದು ಅಂತ ತಿಳಿಯುವುದು ಕಷ್ಟ ಅಲ್ಲ. ಡಿಪಿಕೆಜಿಗೆ ಫೈಲಿನ ವಿಳಾಸ ಕೊಟ್ಟು ಕೇಳಿದರೆ ಯಾವ ಪ್ಯಾಕೇಜು ಅದನ್ನು ತಂದಿತು ಅಂತ ಹೇಳುತ್ತದೆ. ಯಾವ ಪ್ಯಾಕೇಜೂ ತಂದಿಲ್ಲ ಅಂದರೆ ಬಹುಮಟ್ಟಿಗೆ ಅದು ನಮ್ಮದು. ಟರ್ಮಿನಲ್ ಒಳಗೆ ನಮ್ಮ ಕಮಾಂಡ್‌ಗಳನ್ನು ಓದುವ ಬ್ಯಾಶ್‌ನಲ್ಲಿ ಟೈಪ್ ಅನ್ನುವ ಕಮಾಂಡಿಗೆ -a ಸೇರಿಸಿ ಕೊಟ್ಟರೆ ಅದು ಒಂದೇ ಹೆಸರಿನ ಎಷ್ಟು ಪ್ರೋಗ್ರಾಂಗಳು ಎಲ್ಲೆಲ್ಲಿವೆ ಅಂತ ಸಾಲಾಗಿ ತೋರಿಸುತ್ತದೆ. ಬ್ಯಾಶ್ ಹಿಂದೆ ಓಡಿಸಿದ ಪ್ರೋಗ್ರಾಮಿನ ವಿಳಾಸವನ್ನು ನೆನಪಿಟ್ಟುಕೊಂಡಿರುತ್ತದೆ, ಇದೂ ಗೊತ್ತಿರಲಿ. ಪ್ರೋಗ್ರಾಂ ಜಾಗ ಬದಲಿಸಿದರೂ ಅದು ಹಳೇ ವಿಳಾಸಕ್ಕೇ ಹೋಗಿ "ಅಂಥ ಫೈಲ್ ಇಲ್ಲ" ಅನ್ನುತ್ತದೆ. ಹೊಸ ಟರ್ಮಿನಲ್ ತೆರೆದರೆ ಸಾಕು.

ಆಪ್ಟ್‌ಗೆ ನಾವು ಸೇರಿಸಿಕೊಂಡ ಹೊರಗಿನ ರೆಪೊಸಿಟರಿಗಳು, ಡಾಕರ್, ನೋಡ್, ಎಡಿಟರ್ ಇಂಥವು, ಅಪ್‌ಗ್ರೇಡ್ ಹೊತ್ತಿಗೆ ನಿಂತುಹೋಗಿರುತ್ತವೆ. ಸೋರ್ಸಸ್ ಫೋಲ್ಡರಿನ ಫೈಲುಗಳನ್ನು ತೆರೆದು ನೋಡಿದರೆ ಅಲ್ಲೇ ಬರೆದಿರುತ್ತದೆ. ಪ್ರೋಗ್ರಾಂ ಓಡುತ್ತದೆ, ಆದರೆ ಅಪ್‌ಡೇಟ್ ಬರುವುದಿಲ್ಲ. ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಇದು ಗೊತ್ತಾಗುವುದೇ ಇಲ್ಲ. ಮತ್ತೆ ಚಾಲೂ ಮಾಡುವಾಗ ಜ್ಯಾಮಿ ಅಂತ ಇರುವ ಕಡೆ ನೋಬಲ್ ಅಂತ ಬದಲಿಸಬೇಕು. 22.04ರ ಅಡ್ಡಹೆಸರು ಜ್ಯಾಮಿ, 24.04ರದ್ದು ನೋಬಲ್.

ಮ್ಯಾಕ್ ಬಳಸುವವರಿಗೂ ಇದೇ ಪಾಡು, ರೂಪ ಬೇರೆ. ಮ್ಯಾಕ್‌ಓಎಸ್ ಅಪ್‌ಗ್ರೇಡ್ ಆದಮೇಲೆ ಗಿಟ್ ಅಂತ ಹೊಡೆದರೆ "ಇನ್‌ವ್ಯಾಲಿಡ್ ಆಕ್ಟಿವ್ ಡೆವಲಪರ್ ಪಾತ್" ಅಂತ ಎಕ್ಸ್‌ಸಿರನ್ ಬೈಯುವುದು ಎಲ್ಲರಿಗೂ ಗೊತ್ತು. ಕಮಾಂಡ್ ಲೈನ್ ಟೂಲ್ಸ್ ಮತ್ತೆ ಹಾಕಿಕೊಂಡರೆ ಮುಗಿಯಿತು. ಪಿಎಚ್‌ಪಿಯನ್ನು ಆಪಲ್ 2021ರ ಮಾಂಟೆರೆ (ಮ್ಯಾಕ್‌ಓಎಸ್ 12) ವರ್ಷನ್ನಿನಲ್ಲಿ ತೆಗೆಯಿತು, ಪೈಥಾನ್ 2.7ನ್ನು 2022ರ 12.3ರಲ್ಲಿ. ಮುಂದೆ ಇವನ್ನು ಜೊತೆಗೆ ಕೊಡುವುದಿಲ್ಲ ಅಂತ ಅದಕ್ಕೂ ಹಿಂದಿನ ಕ್ಯಾಟಲಿನಾ ವರ್ಷನ್ ಬಂದಾಗಲೇ ತಿಳಿಸಿತ್ತು. ಅಲ್ಲೂ ಪ್ರಶ್ನೆ ಒಂದೇ. ಸಿಸ್ಟಮ್ಮಿನದನ್ನು ನೆಚ್ಚಿಕೊಂಡಿದ್ದವರಿಗೆ ತೊಂದರೆ ಆಯಿತು, ಹೋಮ್‌ಬ್ರೂ ಅನ್ನುವ ಪ್ಯಾಕೇಜ್ ಸಲಕರಣೆಯಿಂದ ತಮ್ಮದೇ ಹಾಕಿಕೊಂಡಿದ್ದವರಿಗೆ ಅಷ್ಟಾಗಿ ಆಗಲಿಲ್ಲ.

ಕೊನೆಗೆ ಉಳಿದದ್ದು ಡೇಟಾಬೇಸ್. ಇಲ್ಲಿ ಮಾತ್ರ ಅವಸರ ಮಾಡಲೇಬಾರದು. ವೆನ್ವ್ ಹೋದರೆ ಮತ್ತೆ ಮಾಡಬಹುದು. ಕೂತು ಟೈಪ್ ಮಾಡಿದ ಪುಸ್ತಕಗಳ ಪಟ್ಟಿ ಹೋದರೆ ಹೋಯಿತು.

ಅಪ್‌ಗ್ರೇಡ್ ಆದಮೇಲೆ ಪೋಸ್ಟ್‌ಗ್ರೆಸ್ 14ರ ಪಕ್ಕದಲ್ಲೇ 16 ಬಂದಿರುತ್ತದೆ. ಉಬುಂಟು ಅದಕ್ಕೊಂದು ಖಾಲಿ ಕ್ಲಸ್ಟರ್ ಕೂಡ, ಅಂದರೆ ಡೇಟಾಬೇಸುಗಳನ್ನು ಇಡುವ ಜಾಗ, ಮಾಡಿಟ್ಟಿರುತ್ತದೆ. 14 ಇರುವುದು 5432ನೇ ಪೋರ್ಟಿನಲ್ಲಿ, 16 ಇರುವುದು 5433ರಲ್ಲಿ. ಪಿಜಿ ಎಲ್‌ಎಸ್ ಕ್ಲಸ್ಟರ್ಸ್ ಅನ್ನುವ ಕಮಾಂಡ್ ಕೊಟ್ಟರೆ ಎರಡೂ ಸಾಲಾಗಿ ಕಾಣುತ್ತವೆ. ಡೇಟಾ ಇನ್ನೂ 14ರಲ್ಲೇ ಇದೆ. ಅಪ್‌ಗ್ರೇಡ್ ಮುಗಿಯುವಾಗ "ಬೇಡವಾದ ಹಳೇ ಪ್ಯಾಕೇಜುಗಳನ್ನು ತೆಗೆಯಲಾ?" ಅಂತ ಕೇಳುತ್ತದಲ್ಲ, ಡೇಟಾಬೇಸ್ ಇಟ್ಟುಕೊಂಡವರು ಅಲ್ಲಿ ಬೇಡ ಅನ್ನುವುದು ಒಳ್ಳೆಯದು. ಆಗ ಹೌದು ಅಂದು 14ರ ಪ್ರೋಗ್ರಾಂ ಹೋಗಿಬಿಟ್ಟರೆ ಡೇಟಾ ಫೈಲುಗಳು ಉಳಿದಿರುತ್ತವೆ, ಓದುವವರು ಇರುವುದಿಲ್ಲ. ಹಾಗಾಗಿದ್ದರೂ ಹೆದರಬೇಡಿ. ಪೋಸ್ಟ್‌ಗ್ರೆಸ್ಸಿನವರದ್ದೇ ಆಪ್ಟ್ ರೆಪೊಸಿಟರಿ ಇದೆ, ಅಲ್ಲಿಂದ 14ನ್ನು ಮತ್ತೆ ತರಿಸಿಕೊಳ್ಳಬಹುದು.

ನಮ್ಮ ಹುಡುಗ ಬೇಡ ಅಂದಿದ್ದ, ಪುಣ್ಯ. ಮೊದಲು 14ರಿಂದ ಪೂರ್ತಿ ಡಂಪ್, ಅಂದರೆ ಡೇಟಾದ ನಕಲು, ತೆಗೆದು ಪೆನ್‌ಡ್ರೈವಿಗೆ ಹಾಕಿಸಿದೆ. ಆಮೇಲೆ 16ರ ಖಾಲಿ ಕ್ಲಸ್ಟರನ್ನು ತೆಗೆಯಬೇಕು, ಅದು ಇದ್ದರೆ ಡೇಟಾ ಸಾಗಿಸುವ ಕಮಾಂಡ್ ಒಪ್ಪುವುದಿಲ್ಲ. ಈ ಜಾಗದಲ್ಲಿ ನಂಬರನ್ನು ಜೋರಾಗಿ ಓದಿಸಿದೆ. ತೆಗೆಯಬೇಕಾದ್ದು 16, ಬೆರಳು ತಪ್ಪಿ 14 ಅಂತ ಹೊಡೆದರೆ ಅದು ಮರುಮಾತಿಲ್ಲದೆ ತೆಗೆದುಹಾಕುತ್ತದೆ. ಅದಾದಮೇಲೆ ಪಿಜಿ ಅಪ್‌ಗ್ರೇಡ್ ಕ್ಲಸ್ಟರ್ ಕಮಾಂಡಿಗೆ 14 ಮೇನ್ ಅಂತ ಕೊಟ್ಟ. ಡೇಟಾ ಎಲ್ಲ 16ಕ್ಕೆ ಹೋಯಿತು, 5432ನೇ ಪೋರ್ಟೂ ಅದಕ್ಕೇ ಬಂತು.

ಕನ್ನಡದ ಪಟ್ಟಿ ಇಟ್ಟುಕೊಂಡವರು ಇನ್ನೂ ಒಂದು ವಿಷಯ ನೋಡಬೇಕು. ಅಕಾರಾದಿಯಾಗಿ ಯಾವ ಹೆಸರಿನ ನಂತರ ಯಾವ ಹೆಸರು ಅನ್ನುವುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನು ನಿರ್ಧರಿಸುವುದಿಲ್ಲ, ಜಿಲಿಬ್‌ಸಿಯನ್ನು ಕೇಳುತ್ತದೆ. ಬೇಗ ಹುಡುಕಲು ಇಂಡೆಕ್ಸ್ ಕಟ್ಟುವುದೂ ಆ ಕ್ರಮದಲ್ಲೇ. ಜಿಲಿಬ್‌ಸಿ ಬದಲಾಗಿ ಕ್ರಮವೂ ಬದಲಾದರೆ ಹಳೇ ಇಂಡೆಕ್ಸ್ ಸುಳ್ಳಾಗುತ್ತದೆ. ಇರುವ ಪುಸ್ತಕ ಹುಡುಕಿದರೆ ಸಿಗುವುದಿಲ್ಲ. ಒಂದೇ ಸಲ ಇರಬೇಕು ಅಂತ ಕಟ್ಟು ಹಾಕಿದ್ದರೂ ಒಂದೇ ಹೆಸರು ಎರಡು ಸಲ ಸೇರಿಕೊಳ್ಳುತ್ತದೆ. 2018ರ ಜಿಲಿಬ್‌ಸಿ 2.28ರಲ್ಲಿ ಇಂಥ ದೊಡ್ಡ ಬದಲಾವಣೆ ಆಗಿತ್ತು, ಉಬುಂಟು 18.04ರಿಂದ 20.04ಕ್ಕೆ ಹೋದವರು ಅದನ್ನು ದಾಟಿದರು. ಡೇಟಾಬೇಸಿನ ಈ ಕ್ರಮ ಬದಲಾಗಿದೆ ಅಂತ ಪೋಸ್ಟ್‌ಗ್ರೆಸ್ ಎಚ್ಚರಿಸಲು ಶುರು ಮಾಡಿದ್ದು 15ರಿಂದ. 14 ಬಾಯಿ ಬಿಡುವುದಿಲ್ಲ. ಉಬುಂಟುವಿನ ಕಮಾಂಡ್ ತಾನಾಗಿ ಆರಿಸಿಕೊಳ್ಳುವ ದಾರಿ ಡಂಪ್ ತೆಗೆದು ಮತ್ತೆ ತುಂಬುವುದು, ಹಾಗಾಗಿ ಇಂಡೆಕ್ಸ್ ಹೊಸದಾಗಿಯೇ ಕಟ್ಟಿಕೊಳ್ಳುತ್ತದೆ. ಬೇಗ ಆಗಲಿ ಅಂತ ಫೈಲುಗಳನ್ನೇ ಸಾಗಿಸುವ ಇನ್ನೊಂದು ದಾರಿ ಹಿಡಿದವರು ಒಮ್ಮೆ ರಿಇಂಡೆಕ್ಸ್ ಮಾಡಿಕೊಳ್ಳಬೇಕು.

14ನ್ನು ಅಂದೇ ತೆಗೆಯಲು ನಾನು ಬಿಡಲಿಲ್ಲ. ಹಳೆಯದರಲ್ಲಿ ಎಷ್ಟು ಪುಸ್ತಕ, ಹೊಸದರಲ್ಲಿ ಎಷ್ಟು ಅಂತ ಎಣಿಸಿ ನೋಡಿದ. ಹೆಸರಿನ ಕ್ರಮದಲ್ಲಿ ಪಟ್ಟಿ ತೆಗೆದು 'ಅ'ದಿಂದ 'ಹ'ದವರೆಗೆ ಕಣ್ಣಾಡಿಸಿದ, ಒತ್ತಕ್ಷರ ಇರುವ ಹೆಸರುಗಳನ್ನು ಆರಿಸಿ ಹುಡುಕಿ ನೋಡಿದ. ಪ್ರಾಜೆಕ್ಟ್ ತೋರಿಸಿ ಮಾರ್ಕ್ಸ್ ಬಂದಮೇಲೆ 14ರ ಕ್ಲಸ್ಟರ್ ತೆಗೆದ. ಪೆನ್‌ಡ್ರೈವಿನ ಡಂಪ್ ಇನ್ನೂ ಇದೆ, ಅದನ್ನು ಇಟ್ಟುಕೋ ಅಂದಿದ್ದೇನೆ.